ಗಲ್ಲಿಯ ಭದ್ರತೆಗೆ ಸರಕಾರದ ನಿಧಿ: ಕೇಳುವವರು ನಾವೇ ಆಗಬೇಕು

ಹೋಟೆಲು ವ್ಯವಸಾಯ ಅಂದರೆ ಬಾಗಿಲು ತೆರೆದಿಟ್ಟು ಮಾಡುವ ವ್ಯವಸಾಯ. ಚಿನ್ನದಂಗಡಿಯವರು ಬಾಗಿಲಲ್ಲಿ ಬಂದೂಕಿನ ಕಾವಲುಗಾರನನ್ನು ನಿಲ್ಲಿಸಬಹುದು. ಮಾಲ್‌ಗಳಲ್ಲಿ ಚೀಲ ಬಿಚ್ಚಿಸಿ ನೋಡಬಹುದು. ಇಡ್ಲಿ-ವಡೆ ತಿನ್ನಲು ಬಂದವನ ಚೀಲವನ್ನು ನಾವು ಬಿಚ್ಚಿಸಲಾದೀತೇ? ಬಂದವರೆಲ್ಲ ನಮಗೆ ಗಿರಾಕಿಗಳೇ. ಆದ್ದರಿಂದ ಒಂದು ಬೀದಿಗೆ ಕಷ್ಟ ಬಂದರೆ ಅದು ಮೊದಲು ಹತ್ತುವುದು ಹೋಟೆಲಿನ ಮೆಟ್ಟಿಲು.

ಇದು ಬರೇ ಮಾತಲ್ಲ. 2007ರ ಆಗಸ್ಟ್ 25ರಂದು ಹೈದರಾಬಾದಿನ ಗೋಕುಲ್ ಚಾಟ್ ಮತ್ತು ಲುಂಬಿನಿ ಪಾರ್ಕಿನಲ್ಲಿ ಬಾಂಬು ಸಿಡಿದು 42 ಮಂದಿ ಜೀವ ಕಳೆದುಕೊಂಡರು. 2008ರ ನವೆಂಬರ್ 26ರ ರಾತ್ರಿ ಮುಂಬಯಿಯಲ್ಲಿ ಗುಂಡು ಹಾರಿದ್ದು ಲಿಯೋಪೋಲ್ಡ್ ಕೆಫೆಯಲ್ಲಿ, ತಾಜ್‌ನಲ್ಲಿ, ಒಬೆರಾಯ್‌ಯಲ್ಲಿ. 2010ರ ಫೆಬ್ರವರಿ 13ರಂದು ಪುಣೆಯ ಜರ್ಮನ್ ಬೇಕರಿಯಲ್ಲಿ 17 ಮಂದಿ ಸತ್ತರು. 2024ರ ಮಾರ್ಚ್ 1ರಂದು ಮಧ್ಯಾಹ್ನದ ಊಟದ ಹೊತ್ತಿಗೆ ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ಚೀಲದೊಳಗಿನ ಬಾಂಬು ಸಿಡಿಯಿತು. ದೇವರ ದಯೆ, ಅಲ್ಲಿ ಯಾರೂ ಸಾಯಲಿಲ್ಲ.

ಇವು ದೊಡ್ಡ ಸುದ್ದಿಯಾದವು. ಸುದ್ದಿಯಾಗದ ಸಂಗತಿಗಳು ನಮ್ಮಲ್ಲಿ ದಿನಾ ನಡೆಯುತ್ತವೆ. ರಾತ್ರಿ ಹನ್ನೊಂದಕ್ಕೆ ಕುಡಿದು ಬಂದ ನಾಲ್ಕು ಮಂದಿ ಬಿಲ್ಲು ಕೊಡದೆ ಸಪ್ಲಾಯರ್ ಹುಡುಗನ ಕೆನ್ನೆಗೆ ಬಾರಿಸಿ ಹೋಗುತ್ತಾರೆ. ಹಬ್ಬದ ಚಂದಾ ಎಂದು ಬಂದವರು ಕೊಟ್ಟದ್ದು ಸಾಲದೆಂದು ಗಲ್ಲೆಯ ಗಾಜು ಒಡೆಯುತ್ತಾರೆ. ಕೆಲಸ ಮುಗಿಸಿ ರೂಮಿಗೆ ನಡೆದು ಹೋಗುವ ಕ್ಲೀನರ್ ಹುಡುಗನ ಮೊಬೈಲು, ಆ ದಿನದ ಪಗಾರ ಕತ್ತಲ ಗಲ್ಲಿಯಲ್ಲಿ ಹೋಗುತ್ತದೆ. ಚಪಾತಿ ಮಾಡುವ ಬಾಯಿ ಬೆಳಿಗ್ಗೆ ಐದಕ್ಕೆ ಸ್ಟೇಶನಿನಿಂದ ಬರುವಾಗ ಯಾರೋ ಹಿಂಬಾಲಿಸುತ್ತಾರೆ. ನಮ್ಮಲ್ಲಿ ಎಷ್ಟು ಜನ ಇದಕ್ಕೆ ಪೊಲೀಸು ಚೌಕಿಗೆ ಹೋಗಿದ್ದೇವೆ? 'ಹೋಗಲಿ ಬಿಡು ಮಾರಾಯ, ನಾಳೆ ಪುನಃ ಇಲ್ಲೇ ಧಂದೆ ಮಾಡಬೇಕಲ್ಲ' ಎಂದು ಸುಮ್ಮನಾದವರೇ ಹೆಚ್ಚು.

2025ರ ಜುಲೈಯಲ್ಲಿ ಮುಂಬಯಿಯ ಆಕಾಶವಾಣಿ ಶಾಸಕರ ನಿವಾಸದ ಕ್ಯಾಂಟೀನಿನಲ್ಲಿ ದಾಲು ಹಳಸಿದೆ ಎಂದು ಶಾಸಕರೊಬ್ಬರು ಕ್ಯಾಂಟೀನಿನ ನೌಕರನಿಗೆ ಹೊಡೆದದ್ದನ್ನು ಇಡೀ ದೇಶ ನೋಡಿತು. ಅದರ ಬೆನ್ನಿಗೇ ದಕ್ಷಿಣ ಭಾರತದ ಹೋಟೆಲಿನವರ ಬಗ್ಗೆ ಆಡಿದ ಮಾತುಗಳೂ ಪತ್ರಿಕೆಗಳಲ್ಲಿ ಬಂದವು. ಅನ್ನದಲ್ಲಿ ಕೊರತೆ ಇದ್ದರೆ ದೂರು ಕೊಡಲಿ, ಲೈಸೆನ್ಸು ತಡೆಯಲಿ, ಅದಕ್ಕೆ ಕಾನೂನಿದೆ. ಬಡಿಸುವವನ ಮೇಲೆ ಕೈ ಮಾಡುವುದಕ್ಕೆ ಯಾವ ಕಾನೂನೂ ಇಲ್ಲ. ಆದರೆ ಆ ಘಟನೆಯಲ್ಲಿ ನಾವು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ವೀಡಿಯೋ ಇದ್ದದ್ದರಿಂದ ಅದು ಲೋಕಕ್ಕೆ ಗೊತ್ತಾಯಿತು. ಇಲ್ಲದಿದ್ದರೆ ಅದೂ 'ಹೋಗಲಿ ಬಿಡು' ಲೆಕ್ಕಕ್ಕೇ ಸೇರುತ್ತಿತ್ತು.

ನಮ್ಮ ಹೋಟೆಲುಗಳಲ್ಲಿ ಕ್ಯಾಮರಾ ಇಲ್ಲವೆಂದಲ್ಲ. ಸಾಲ ಮಾಡಿಯಾದರೂ ನಾಲ್ಕು ಹಾಕಿಸಿದ್ದೇವೆ. ಆದರೆ ಅವು ನೋಡುವುದು ಯಾರನ್ನು? ಒಂದು ಗಲ್ಲೆಯನ್ನು, ಒಂದು ಸ್ಟೋರ್ ರೂಮನ್ನು, ಉಳಿದವು ನಮ್ಮದೇ ಹುಡುಗರನ್ನು. ಶಟರಿನ ಹೊರಗೆ, ಅಂದರೆ ಗಲಾಟೆ ಶುರುವಾಗುವಲ್ಲಿ, ದೀಪವೂ ಇಲ್ಲ, ಕ್ಯಾಮರಾವೂ ಇಲ್ಲ. ಅಲ್ಲಿ ನಮ್ಮ ಜಾಗ ಮುಗಿಯಿತು, ಅದು ಸಾರ್ವಜನಿಕ ರಸ್ತೆ ಎನ್ನುತ್ತೇವೆ. ಸರಿ, ಸಾರ್ವಜನಿಕ ರಸ್ತೆಯ ಭದ್ರತೆಗೆ ಸಾರ್ವಜನಿಕರ ಹಣವೂ ಇದೆ. ಆ ಹಣವನ್ನು ಕೇಳುವವರಲ್ಲಿ ನಾವು ಇಲ್ಲ. ಈ ಲೇಖನದ ಉದ್ದೇಶ ಇಷ್ಟೇ: ನಾವು ಕೇಳಬೇಕು, ಒಟ್ಟಾಗಿ ಕೇಳಬೇಕು, ಕ್ರಮಬದ್ಧವಾಗಿ ಕೇಳಬೇಕು.

ಹಣ ಎಲ್ಲಿದೆ?

ಮೊದಲನೆಯದು ಸಂಸದರ ಸ್ಥಳೀಯ ಕ್ಷೇತ್ರಾಭಿವೃದ್ಧಿ ನಿಧಿ. 1993ರ ಡಿಸೆಂಬರಿನಲ್ಲಿ ಆರಂಭವಾದ ಯೋಜನೆ ಇದು. 2011-12ರಿಂದ ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲಿನಲ್ಲಿ ನಿಲ್ಲಿಸಿದ್ದನ್ನು 2021ರ ನವೆಂಬರಿನಲ್ಲಿ ಪುನಃ ಶುರು ಮಾಡಿದರು. 2023ರ ಏಪ್ರಿಲಿನಿಂದ ಹೊಸ ಮಾರ್ಗದರ್ಶಿ ಸೂತ್ರಗಳು ಜಾರಿಯಲ್ಲಿವೆ. ಬೀದಿದೀಪ, ಸಾರ್ವಜನಿಕ ಸ್ಥಳದ ಸಿಸಿಟಿವಿ ಮುಂತಾದ ಕೆಲಸಗಳಿಗೆ ಇದರಲ್ಲಿ ಅವಕಾಶವಿದೆ. ಲೋಕಸಭಾ ಸದಸ್ಯರು ತಮ್ಮ ಕ್ಷೇತ್ರಕ್ಕೆ ಶಿಫಾರಸು ಮಾಡುತ್ತಾರೆ. ರಾಜ್ಯಸಭೆಯ ಸದಸ್ಯರು ತಾವು ಆರಿಸಿ ಬಂದ ರಾಜ್ಯದ ಯಾವ ಜಿಲ್ಲೆಗೂ ಶಿಫಾರಸು ಮಾಡಬಹುದು. ಈ ಎರಡನೆಯ ವಿಷಯ ನಮ್ಮವರಲ್ಲಿ ಹಲವರಿಗೆ ತಿಳಿದಿಲ್ಲ.

ಎರಡನೆಯದು ಶಾಸಕರ ನಿಧಿ. ಮಹಾರಾಷ್ಟ್ರ ಸರಕಾರ 2022ರಲ್ಲಿ ಇದನ್ನು ವರ್ಷಕ್ಕೆ 5 ಕೋಟಿಗೆ ಏರಿಸಿತು. ಮುಂಬಯಿಯಲ್ಲಿ 36 ವಿಧಾನಸಭಾ ಕ್ಷೇತ್ರಗಳು, 6 ಲೋಕಸಭಾ ಕ್ಷೇತ್ರಗಳು. ಗಲ್ಲೆಯಲ್ಲಿ ಕೂತವರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ: ವರ್ಷಕ್ಕೆ 210 ಕೋಟಿ. ಇದೆಲ್ಲ ಭದ್ರತೆಗೆಂದು ಇಟ್ಟ ಹಣವಲ್ಲ. ರಸ್ತೆ, ಶೌಚಾಲಯ, ಸಮಾಜ ಮಂದಿರ, ಉದ್ಯಾನ ಎಲ್ಲವೂ ಇದರಲ್ಲೇ ಆಗಬೇಕು. ಯಾರು ಲಿಖಿತವಾಗಿ, ಸಮಯಕ್ಕೆ ಸರಿಯಾಗಿ ಕೇಳಿದರೋ ಅವರ ಕೆಲಸ ಪಟ್ಟಿಗೆ ಬರುತ್ತದೆ. ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲವಂತೆ.

ಮೂರನೆಯದು ಜಿಲ್ಲಾ ಯೋಜನಾ ಸಮಿತಿಯ ಹಣ. ಮುಂಬಯಿ ಶಹರ ಮತ್ತು ಮುಂಬಯಿ ಉಪನಗರ ಎರಡು ಪ್ರತ್ಯೇಕ ಜಿಲ್ಲೆಗಳು. ಪಾಲಕ ಮಂತ್ರಿಗಳು ಸಮಿತಿಯ ಅಧ್ಯಕ್ಷರು. ಕಲೆಕ್ಟರ್ ಕಚೇರಿ ಶಹರದವರಿಗೆ ಫೋರ್ಟಿನ ಓಲ್ಡ್ ಕಸ್ಟಂ ಹೌಸಿನಲ್ಲಿ, ಉಪನಗರದವರಿಗೆ ಬಾಂದ್ರಾ ಪೂರ್ವದಲ್ಲಿ.

ನಾಲ್ಕನೆಯದು ನಿರ್ಭಯಾ ನಿಧಿ. 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಘೋರ ಕೃತ್ಯದ ನಂತರ 2013ರ ಬಜೆಟಿನಲ್ಲಿ 1000 ಕೋಟಿ ರೂಪಾಯಿಯಿಂದ ಇದನ್ನು ಸ್ಥಾಪಿಸಿದರು. ಇದರ ಕೆಳಗೆ ಬಂದ 'ಸೇಫ್ ಸಿಟಿ' ಯೋಜನೆಗೆ ಆರಿಸಿದ ಎಂಟು ನಗರಗಳೆಂದರೆ ದೆಹಲಿ, ಮುಂಬಯಿ, ಚೆನ್ನೈ, ಹೈದರಾಬಾದು, ಬೆಂಗಳೂರು, ಕೋಲ್ಕತಾ, ಅಹಮದಾಬಾದು, ಲಕ್ನೋ. ಕೇಂದ್ರದ್ದು ನೂರಕ್ಕೆ 60, ರಾಜ್ಯದ್ದು 40. ಈ ಹಣಕ್ಕೆ ಹೋಟೆಲಿನವರಾಗಲಿ ಸಂಘಗಳಾಗಲಿ ನೇರ ಅರ್ಜಿ ಹಾಕುವಂತಿಲ್ಲ, ಪೊಲೀಸು ಮತ್ತು ನಗರಪಾಲಿಕೆಗಳ ಮೂಲಕವೇ ಖರ್ಚಾಗುತ್ತದೆ. ಆದರೆ ಇಂಥಲ್ಲಿ ಕತ್ತಲೆ ಇದೆ, ಇಂಥಲ್ಲಿ ಹೆಂಗಸರಿಗೆ ತೊಂದರೆ ಇದೆ ಎಂದು ಸ್ಥಳ ತೋರಿಸಿ ಠಾಣೆಗೆ ಬರೆದು ಕೊಡಲು ಯಾರ ಅಡ್ಡಿಯೂ ಇಲ್ಲ. ರಾತ್ರಿ ಕೊನೆಗೆ ಬಾಗಿಲು ಹಾಕುವವರು, ಬೆಳಿಗ್ಗೆ ಮೊದಲು ತೆರೆಯುವವರು ನಾವು. ಬೀದಿಯ ಕತ್ತಲೆ ನಮ್ಮಷ್ಟು ಯಾರಿಗೆ ಗೊತ್ತು?

ಐದನೆಯದು ದೊಡ್ಡ ಕಂಪೆನಿಗಳ ಸಿಎಸ್ಆರ್ ಹಣ. 2013ರ ಕಂಪೆನಿ ಕಾಯ್ದೆಯ 135ನೇ ಕಲಮಿನಂತೆ ನಿಗದಿತ ಗಾತ್ರದ ಕಂಪೆನಿಗಳು ಸರಾಸರಿ ಲಾಭದ ನೂರಕ್ಕೆ 2ರಷ್ಟನ್ನು ಸಮಾಜದ ಕೆಲಸಕ್ಕೆ ಕೊಡಬೇಕು. ಇದನ್ನು ಪಡೆಯುವ ಟ್ರಸ್ಟಿಗೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ ಬೇಕು. 2021ರ ಏಪ್ರಿಲಿನಿಂದ ಸಿಎಸ್ಆರ್-1 ಫಾರ್ಮು ತುಂಬಿಸಿ ನಂಬರು ಪಡೆದಿರಬೇಕು. ನಮ್ಮದು ವ್ಯಾಪಾರಿಗಳ ಸಂಘ. ಸದಸ್ಯರ ಹಿತಕ್ಕಾಗಿ ಇರುವ ಸಂಘಕ್ಕೆ ಈ ಹಣ ಬಾರದು. ಆದರೆ ಕನ್ನಡಿಗರ ಎಷ್ಟೋ ಶಿಕ್ಷಣ ಟ್ರಸ್ಟುಗಳು, ಜಾತಿ ಸಂಘಗಳ ಸೇವಾ ಟ್ರಸ್ಟುಗಳು ಈ ನಗರಗಳಲ್ಲಿವೆ. ಅವರೊಂದಿಗೆ ಕೈಜೋಡಿಸಬಹುದು.

ಹೋಟೆಲಿಗಲ್ಲ, ಬೀದಿಗೆ

ಇಲ್ಲೊಂದು ಮಾತು ಸ್ಪಷ್ಟವಾಗಲಿ. ಈ ಯಾವ ನಿಧಿಯಿಂದಲೂ ನಮ್ಮ ಹೋಟೆಲಿನೊಳಗೆ ಒಂದು ಬಲ್ಬು ಕೂಡ ಸಿಗುವುದಿಲ್ಲ. ಸಿಗಲೂ ಕೂಡದು. ಖಾಸಗಿ ಸ್ವತ್ತಿಗೆ, ವ್ಯಾಪಾರದ ಜಾಗಕ್ಕೆ, ಪೂಜಾ ಸ್ಥಳಕ್ಕೆ ಸಂಸದರ ನಿಧಿಯಿಂದ ಖರ್ಚು ಮಾಡುವಂತಿಲ್ಲ ಎಂದು ಸೂತ್ರಗಳಲ್ಲೇ ಇದೆ. ಸಂಬಳ, ವಿದ್ಯುತ್ ಬಿಲ್ಲು ಇದಕ್ಕೂ ಇಲ್ಲ. 'ನಮ್ಮ ಹೋಟೆಲಿನ ಎದುರು ಕ್ಯಾಮರಾ ಹಾಕಿಸಿ ಕೊಡಿ' ಎಂದು ಒಬ್ಬೊಬ್ಬರೇ ಹೋಗಿ ಕೇಳಿದರೆ ಅರ್ಜಿ ಬುಟ್ಟಿಗೆ ಹೋಗುತ್ತದೆ. ಅದರಲ್ಲಿ ಅನ್ಯಾಯವೇನೂ ಇಲ್ಲ.

ಕೇಳಬೇಕಾದದ್ದು ಗಲ್ಲಿಗೆ. ಹಾಗಾಗಿ ಅರ್ಜಿಯಲ್ಲಿ ಗಲ್ಲಿಯವರೆಲ್ಲ ಇರಬೇಕು. ಹೋಟೆಲಿನ ಜೊತೆ ಮೇಲಿನ ಹೌಸಿಂಗ್ ಸೊಸೈಟಿ, ಪಕ್ಕದ ಮೆಡಿಕಲ್ ಅಂಗಡಿ, ಎದುರಿನ ಶಾಲೆ, ಮೂಲೆಯ ಪಾನ್‌ವಾಲಾ, ರಿಕ್ಷಾ ಸ್ಟ್ಯಾಂಡಿನವರು. ಮುಂಬಯಿ ಮಹಾನಗರಪಾಲಿಕೆಯಲ್ಲಿ 1997ರಿಂದ ಎ.ಎಲ್.ಎಂ. ಎಂಬ ವ್ಯವಸ್ಥೆ ಇದೆ. ಒಂದು ಬೀದಿಯ ನಿವಾಸಿಗಳು ಸೇರಿ ವಾರ್ಡ್ ಆಫೀಸಿನಲ್ಲಿ ಹೆಸರು ನೋಂದಾಯಿಸುವ ಕ್ರಮ. ನಿಮ್ಮ ಬೀದಿಯಲ್ಲಿ ಅದು ಇದ್ದರೆ ಅವರ ಮೂಲಕ ಹೋಗುವುದು ಒಳ್ಳೆಯದು. ನಾವು ಮುಂದೆ ನಿಂತು ಮಾತಾಡುವುದಕ್ಕಿಂತ ಸೊಸೈಟಿಯ ಸೆಕ್ರೆಟರಿ ಮಾತಾಡಲಿ, ನಾವು ಚಹಾ ಕಳಿಸೋಣ. ಹೆಸರು ಯಾರದ್ದಾದರೇನು, ದೀಪ ಉರಿದರೆ ಸಾಕು.

ಬೇರೆ ನಗರಗಳಲ್ಲಿ ನಮ್ಮವರು ಕಂಡಿರುವ ಉದಾಹರಣೆಗಳಿವೆ. ದೆಹಲಿ ಸರಕಾರ 2019ರಲ್ಲಿ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಸುಮಾರು 2000ದಂತೆ ಕ್ಯಾಮರಾ ಹಾಕಲು ಹೊರಟಾಗ ಸ್ಥಳ ಗುರುತಿಸುವುದಕ್ಕೆ ನಿವಾಸಿ ಸಂಘಗಳನ್ನೂ ಮಾರುಕಟ್ಟೆ ಸಂಘಗಳನ್ನೂ ಸೇರಿಸಿಕೊಂಡಿತು. ಸಂಘಟಿತರಾಗಿದ್ದವರ ಮಾತಿಗೆ ಅಲ್ಲಿ ಬೆಲೆ ಬಂತು. ಚೆನ್ನೈಯಲ್ಲಿ ಪೊಲೀಸರು 'ಮೂರನೆಯ ಕಣ್ಣು' ಎಂಬ ಯೋಜನೆಯಲ್ಲಿ ವ್ಯಾಪಾರಿಗಳನ್ನು, ನಿವಾಸಿಗಳನ್ನು ಸೇರಿಸಿಕೊಂಡು ಬೀದಿಬೀದಿಗೆ ಕ್ಯಾಮರಾ ಹಾಕಿಸಿದರು. ಹೈದರಾಬಾದಿನಲ್ಲಿ 2013ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯಂತೆ ಜನ ಹೆಚ್ಚು ಸೇರುವ ಸಂಸ್ಥೆಗಳಿಗೆ ಕ್ಯಾಮರಾ ಕಡ್ಡಾಯವಾಯಿತು. ಅದರ ಜೊತೆಗೆ 'ನೇನು ಸೈತಂ' ಎಂಬ ಹೆಸರಿನಲ್ಲಿ ಬಡಾವಣೆಯವರೆಲ್ಲ ಸೇರಿ ಹಾಕಿಸುವ ಸಾಮುದಾಯಿಕ ಕ್ಯಾಮರಾಗಳೂ ಬಂದವು. ಮುಂಬಯಿಯಲ್ಲಾದರೋ 2008ರ ದಾಳಿಯ ನಂತರ ಬೇಕೆಂದು ತೀರ್ಮಾನಿಸಿದ ಕ್ಯಾಮರಾ ಜಾಲ ಪೂರ್ತಿಯಾದದ್ದು 2016ರ ಅಕ್ಟೋಬರಿನಲ್ಲಿ. ಸುಮಾರು 4,700 ಕ್ಯಾಮರಾ. ಎಂಟು ವರ್ಷ! ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅದೂ ಮುಖ್ಯ ರಸ್ತೆ, ಸಿಗ್ನಲುಗಳಿಗೆ. ನಮ್ಮ ಹೆಚ್ಚಿನ ಹೋಟೆಲುಗಳಿರುವುದು ಒಳಗಲ್ಲಿಗಳಲ್ಲಿ.

ಅರ್ಜಿ ಹೇಗಿರಬೇಕು?

ಹತ್ತನೇ ಕ್ಲಾಸಿಗೆ ಪಾಟಿ ಕಟ್ಟಿಟ್ಟು ಬಂದ ನಮ್ಮಂಥವರಿಗೆ ಅರ್ಜಿ ಎಂದರೆ ಒಂಥರಾ ಅಂಜಿಕೆ. ಆದರೆ ನೂರು ಜನರ ಮದುವೆ ಊಟಕ್ಕೆ ಸಾಮಾನಿನ ಪಟ್ಟಿ ಬರೆಯಬಲ್ಲವನು ಈ ಅರ್ಜಿಯನ್ನೂ ಬರೆಯಬಲ್ಲ. ಎರಡಕ್ಕೂ ಬೇಕಾದದ್ದು ಒಂದೇ: ಏನು ಬೇಕು, ಎಷ್ಟು ಬೇಕು, ಎಲ್ಲಿಗೆ ಬೇಕು.

ಒಂದು, ಭಾಷೆ. ಮಹಾರಾಷ್ಟ್ರದಲ್ಲಿ ಮರಾಠಿಯಲ್ಲಿ, ಚೆನ್ನೈಯಲ್ಲಿ ತಮಿಳಿನಲ್ಲಿ, ಹೈದರಾಬಾದಿನಲ್ಲಿ ತೆಲುಗಿನಲ್ಲಿ ಬರೆಯಿರಿ. ನಮ್ಮ ಮಕ್ಕಳು ಅದೇ ಭಾಷೆಯ ಶಾಲೆ ಕಲಿತವರು, ಅವರ ಕೈಯಲ್ಲಿ ಬರೆಸಿ. ಸ್ಥಳೀಯ ಭಾಷೆಯಲ್ಲಿ ಬಂದ ಅರ್ಜಿಗೆ ಆಫೀಸಿನಲ್ಲಿ ಸಿಗುವ ಮುಖವೇ ಬೇರೆ.

ಎರಡು, ಕತೆ ಬೇಡ, ಸ್ಥಳ ಬೇಕು. 'ನಮ್ಮ ಏರಿಯಾದಲ್ಲಿ ಗೂಂಡಾಗಿರಿ ಹೆಚ್ಚಾಗಿದೆ' ಎಂದರೆ ಯಾರೂ ಏನೂ ಮಾಡಲಾರರು. 'ಇಂಥ ನಾಕಾದಿಂದ ಇಂಥ ಶಾಲೆಯ ಗೇಟಿನವರೆಗೆ 200 ಮೀಟರ್, ಆರು ದೀಪದ ಕಂಬ, ಅದರಲ್ಲಿ ಮೂರು ಉರಿಯುವುದಿಲ್ಲ, ಕ್ಯಾಮರಾ ಎರಡು ಕಡೆ ಬೇಕು' ಎಂದು ಬರೆಯಿರಿ. ಕೈಯಲ್ಲಿ ಬಿಡಿಸಿದ ನಕ್ಷೆ, ರಾತ್ರಿ ತೆಗೆದ ನಾಲ್ಕು ಫೋಟೋ ಲಗತ್ತಿಸಿ.

ಮೂರು, ದಾಖಲೆ. ಕಳೆದ ಒಂದು ವರ್ಷದಲ್ಲಿ ಆ ಗಲ್ಲಿಯಲ್ಲಿ ಏನೇನು ನಡೆಯಿತು, ಯಾವ ತಾರೀಕು, ಎಷ್ಟು ಗಂಟೆ, ಪೊಲೀಸಿಗೆ ದೂರು ಹೋಗಿದೆಯೇ ಎಂಬ ಪಟ್ಟಿ. ಇಲ್ಲೇ ನಮ್ಮ 'ಹೋಗಲಿ ಬಿಡು' ನಮಗೆ ಮುಳುವಾಗುವುದು. ದೂರು ಕೊಡದಿದ್ದರೆ ಕಾಗದದಲ್ಲಿ ನಮ್ಮ ಗಲ್ಲಿ ಶಾಂತ ಗಲ್ಲಿ! ಶಾಂತ ಗಲ್ಲಿಗೆ ಯಾರು ಹಣ ಕೊಡುತ್ತಾರೆ? ಇವತ್ತಿನಿಂದಲೇ ಗಲ್ಲೆಯ ಪಕ್ಕ ಒಂದು ನೂರು ಪೇಜಿನ ನೋಟುಬುಕ್ಕು ಇಡಿ. ಗಲಾಟೆ ನಡೆದ ದಿನ ಎರಡು ಗೆರೆ ಬರೆದಿಡಿ. 112ಕ್ಕೆ ಫೋನು ಮಾಡಿದ್ದರೆ ಸಮಯ ಬರೆಯಿರಿ.

ನಾಲ್ಕು, ನಿರ್ವಹಣೆ ಯಾರದ್ದು? ಸರಕಾರಿ ಹಣದಿಂದ ಬಂದ ಎಷ್ಟೋ ಕ್ಯಾಮರಾಗಳು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕುರುಡಾಗುತ್ತವೆ. ವಯರು ಇಲಿ ಕಚ್ಚುತ್ತದೆ, ಕರೆಂಟು ಬಿಲ್ಲು ಯಾರೂ ಕಟ್ಟುವುದಿಲ್ಲ. ಇದಕ್ಕೆ ಹೊಣೆ ಯಾರು ಎಂಬುದಕ್ಕೆ ಅರ್ಜಿಯಲ್ಲೇ ಉತ್ತರ ಇರಬೇಕು. ನಾವು ಹೋಟೆಲಿನವರು ಕೊಡಬಹುದಾದ ನಿಜವಾದ ಪಾಲು ಇಲ್ಲಿದೆ. 'ಕರೆಂಟು ನಾವು ಕೊಡುತ್ತೇವೆ, ರೆಕಾರ್ಡರ್ ಇಡಲು ಜಾಗ ಕೊಡುತ್ತೇವೆ, ವರ್ಷದ ರಿಪೇರಿ ಕರಾರಿನ ಖರ್ಚನ್ನು ಗಲ್ಲಿಯ ಹತ್ತು ಅಂಗಡಿಯವರು ಹಂಚಿಕೊಳ್ಳುತ್ತೇವೆ' ಎಂದು ಸಹಿ ಹಾಕಿದ ಪತ್ರ ಕೊಟ್ಟರೆ ಅರ್ಜಿಯ ತೂಕ ಎರಡು ಪಟ್ಟಾಗುತ್ತದೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಐದು, ಠಾಣೆಯ ಪತ್ರ. ಹಿರಿಯ ಇನ್ಸ್‌ಪೆಕ್ಟರರನ್ನು ಕಂಡು, ಈ ಸ್ಥಳಕ್ಕೆ ಕ್ಯಾಮರಾ ಅಗತ್ಯ ಎಂದು ಬರೆಸಿಕೊಳ್ಳಿ. ಅದನ್ನು ಜೋಡಿಸಿ ಶಾಸಕರ ಅಥವಾ ಸಂಸದರ ಕಚೇರಿಗೆ ಕೊಡಿ. ಅವರು ಶಿಫಾರಸು ಬರೆದ ಮೇಲೆ ಕಡತ ಕಲೆಕ್ಟರ್ ಕಚೇರಿಗೆ ಹೋಗುತ್ತದೆ. ಅಲ್ಲಿಂದ ಅಂದಾಜು ಪಟ್ಟಿ, ಮಂಜೂರಾತಿ, ಕೆಲಸ. ಪ್ರತಿ ಹಂತದಲ್ಲಿ ಆವಕ ನಂಬರು ತೆಗೆದುಕೊಳ್ಳಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಹತ್ತು ರೂಪಾಯಿಗೆ ಕೇಳಬಹುದು. ಜಗಳಕ್ಕಲ್ಲ, ಕಡತ ಯಾವ ಮೇಜಿನಲ್ಲಿ ಮಲಗಿದೆ ಎಂದು ತಿಳಿಯಲು.

ಎಲ್ಲದಕ್ಕೂ ನಿಧಿ ಬೇಕೆಂದೂ ಇಲ್ಲ. ಇರುವ ಬೀದಿದೀಪ ಕೆಟ್ಟಿದ್ದರೆ ಕಂಬದ ಮೇಲಿನ ನಂಬರು ಬರೆದುಕೊಂಡು ದೂರು ಕೊಟ್ಟರೆ ಸಾಕು. ಮುಂಬಯಿ ಶಹರದಲ್ಲಿ ಅದು ಬೆಸ್ಟ್‌ನ ಜವಾಬ್ದಾರಿ, ಉಪನಗರಗಳಲ್ಲಿ ಆಯಾ ವಿದ್ಯುತ್ ಕಂಪೆನಿಯದ್ದು. ಒಂದು ಫೋನಿನಲ್ಲಿ ಆಗುವ ಕೆಲಸಕ್ಕೆ ಶಾಸಕರ ಬಾಗಿಲು ತಟ್ಟಿದರೆ ನಾಳೆ ದೊಡ್ಡ ಕೆಲಸಕ್ಕೆ ಹೋದಾಗ ನಮಗೆ ಬೆಲೆ ಇರುವುದಿಲ್ಲ.

'ಪಾಸು ಮಾಡಿಸಿ ಕೊಡುತ್ತೇವೆ' ಎನ್ನುವವರು

ಎಲ್ಲಿ ನಿಧಿ ಇದೆಯೋ ಅಲ್ಲಿ ದಲ್ಲಾಳಿ ಇದ್ದಾನೆ. ಸಫಾರಿ ಡ್ರೆಸ್ಸಿನಲ್ಲಿ ಬಂದು ಚಹಾ ಕುಡಿದು, ಫಂಡು ಪಾಸು ಮಾಡಿಸುತ್ತೇವೆ, ನೂರಕ್ಕೆ ಹತ್ತು ಮೊದಲೇ ಕೊಡಿ ಎಂದರೆ ಚಹಾದ ಬಿಲ್ಲು ಕೊಟ್ಟು ಕಳಿಸಿ. ಸಂಸದರು, ಶಾಸಕರು ಶಿಫಾರಸು ಮಾತ್ರ ಮಾಡುವವರು, ಹಣ ಅವರ ಕೈಗೂ ಬರುವುದಿಲ್ಲ, ನಮ್ಮ ಕೈಗೂ ಬರುವುದಿಲ್ಲ. ಕಲೆಕ್ಟರ್ ಕಚೇರಿಯಿಂದ ಕೆಲಸ ಮಾಡಿಸುವ ಇಲಾಖೆಗೆ ಹೋಗುತ್ತದೆ. ನಮ್ಮ ಕೈಗೇ ಬಾರದ ಹಣಕ್ಕೆ ನಾವು ಕಮಿಶನ್ ಕೊಡುವುದೆಂದರೆ ಏನರ್ಥ? ಹಾಗೆಯೇ, ಕ್ಯಾಮರಾ ಬಂದ ಮೇಲೆ ಒಂದು ಪಕ್ಷದ ಬ್ಯಾನರು ನಮ್ಮ ಹೋಟೆಲಿಗೆ ಕಟ್ಟಬೇಕೆಂಬ ಕರಾರಿಗೂ ಒಪ್ಪಬೇಕಾಗಿಲ್ಲ. ಇದು ನಾವೂ ಕಟ್ಟಿದ ತೆರಿಗೆಯ ಹಣ. ಭಿಕ್ಷೆಯಲ್ಲ, ಉಪಕಾರವೂ ಅಲ್ಲ.

ಕ್ಯಾಮರಾ ಒಂದೇ ಸಾಲದು

ರಾಮೇಶ್ವರಂ ಕೆಫೆಯ ಪ್ರಕರಣದಲ್ಲಿ ಟೊಪ್ಪಿ ಹಾಕಿದವನ ಚಿತ್ರ ಕ್ಯಾಮರಾದಲ್ಲಿ ಸಿಕ್ಕಿತು, ಏಪ್ರಿಲ್ 12ಕ್ಕೆ ಇಬ್ಬರು ಬಂಗಾಳದಲ್ಲಿ ಸೆರೆಯಾದರು. ಕ್ಯಾಮರಾದ ಉಪಕಾರ ಅಷ್ಟರಮಟ್ಟಿಗೆ ದೊಡ್ಡದು. ಆದರೆ ಅದು ಬಾಂಬನ್ನು ತಡೆಯಲಿಲ್ಲ ಎಂಬುದೂ ನಿಜ. ಕ್ಯಾಮರಾ ನೋಡುತ್ತದೆ, ನೆನಪಿಟ್ಟುಕೊಳ್ಳುತ್ತದೆ. ತಡೆಯುವವರು ಮನುಷ್ಯರು.

ಅದಕ್ಕೂ ನಮ್ಮ ಮಹಾರಾಷ್ಟ್ರದಲ್ಲೇ ಉದಾಹರಣೆ ಇದೆ. ಭಿವಂಡಿ 1984ರಲ್ಲಿ ಗಲಭೆಯಲ್ಲಿ ಬೆಂದ ಊರು. ಅಲ್ಲಿ 1988ರಲ್ಲಿ ಬಂದ ಪೊಲೀಸ್ ಅಧಿಕಾರಿ ಸುರೇಶ್ ಖೋಪಡೆಯವರು ಗಲ್ಲಿಗಲ್ಲಿಯಲ್ಲಿ ಎರಡೂ ಸಮುದಾಯದ ಸಾಮಾನ್ಯ ಜನರನ್ನು ಸೇರಿಸಿ ಮೊಹಲ್ಲಾ ಸಮಿತಿ ಕಟ್ಟಿದರು. 1992-93ರಲ್ಲಿ ಮುಂಬಯಿ ಹೊತ್ತಿ ಉರಿದಾಗ ಭಿವಂಡಿ ಶಾಂತವಾಗಿತ್ತು. ಆ ದಿನಗಳಲ್ಲಿ ಮುಂಬಯಿಯಲ್ಲಿ ಹೋಟೆಲು ನಡೆಸಿದ ನಮ್ಮ ಹಿರಿಯರನ್ನು ಕೇಳಿ, ಅದರ ಬೆಲೆ ಅವರು ಹೇಳಿಯಾರು. ಆ ಬಳಿಕ ಮುಂಬಯಿಯಲ್ಲೂ ಮೊಹಲ್ಲಾ ಸಮಿತಿಗಳು ಬಂದವು. ಭಿವಂಡಿಯನ್ನು ಕಾದದ್ದು ಕೋಟಿ ರೂಪಾಯಿಯ ಯಂತ್ರವಲ್ಲ, ತಿಂಗಳಿಗೊಮ್ಮೆ ಕೂತು ಮಾತಾಡುವ ಅಭ್ಯಾಸ.

2007ರ ಆಗಸ್ಟ್ 15ರಂದು ಮಹಾರಾಷ್ಟ್ರ ಸರಕಾರ ಮಹಾತ್ಮ ಗಾಂಧಿಯವರ ಹೆಸರಿನಲ್ಲಿ 'ತಂಟಾಮುಕ್ತ ಗ್ರಾಮ' ಅಭಿಯಾನ ಶುರು ಮಾಡಿತು. ಹಳ್ಳಿಯ ಜಗಳಗಳನ್ನು ಹಳ್ಳಿಯಲ್ಲೇ ರಾಜಿ ಮಾಡಿ ಮುಗಿಸಿದ ಗ್ರಾಮಗಳಿಗೆ ಜನಸಂಖ್ಯೆಗೆ ತಕ್ಕಂತೆ ಲಕ್ಷಗಟ್ಟಲೆ ಬಹುಮಾನ ಕೊಟ್ಟಿತು. ಹೊಡೆದಾಟ ನಡೆದ ಮೇಲೆ ಖರ್ಚು ಮಾಡುವ ಬದಲು ನಡೆಯದಂತೆ ಮಾಡಿದವರಿಗೆ ಹಣ ಕೊಡುವ ಆಲೋಚನೆ ನಮಗೆ ಬಹಳ ಮೆಚ್ಚಿಗೆಯಾದದ್ದು. ಹಳ್ಳಿಗೆ ಆದದ್ದು ನಗರದ ಗಲ್ಲಿಗೆ ಏಕಾಗಬಾರದು? ಇದನ್ನು ಸಂಘದ ಬೇಡಿಕೆಯಾಗಿ ಸರಕಾರದ ಮುಂದಿಡಬಹುದು.

ಇನ್ನು ಸಿಕ್ಕ ಚಿತ್ರಗಳನ್ನು ಬಳಸುವ ವಿಷಯ. ಗಲ್ಲಿಯ ಕ್ಯಾಮರಾದಲ್ಲಿ ಬಿದ್ದದ್ದನ್ನು ವಾಟ್ಸಾಪಿಗೆ ಹಾಕಿ ಮಜಾ ನೋಡುವಂತಿಲ್ಲ. ಒಂದು ಹೆಣ್ಣುಮಗಳು ಯಾರ ಜೊತೆ ಹೋದಳು ಎಂದು ನೋಡಲು ಅದನ್ನು ಹಾಕಿಸಿದ್ದಲ್ಲ. ದೃಶ್ಯ ಕೊಡುವುದಿದ್ದರೆ ಪೊಲೀಸರಿಗೆ ಮಾತ್ರ, ಲಿಖಿತ ಪತ್ರ ಪಡೆದು. ಕೋರ್ಟಿನಲ್ಲಿ ಅದು ನಿಲ್ಲಬೇಕಾದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದೇ ದಿನದಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಫ್ತಾ ವಸೂಲಿಗೆ 308ನೇ ಕಲಂ ಇದೆ. ಈ ಎರಡು ನಂಬರನ್ನು ಗಲ್ಲೆಯ ಹಿಂದೆ ಬರೆದಿಟ್ಟರೂ ಲಾಭವೇ.

ಮೊದಲು ನಮ್ಮ ಅಡುಗೆಮನೆ

ಸಾರ್ವಜನಿಕರ ಹಣ ಕೇಳುವವರು ತಮ್ಮ ಮನೆ ಶುಚಿಯಾಗಿಡಬೇಕು. ಕಹಿಯಾದರೂ ಹೇಳಲೇಬೇಕು. ಹೊರಗಿನವನು ನಮ್ಮ ಹುಡುಗನಿಗೆ ಹೊಡೆದರೆ ಕೂಗುತ್ತೇವೆ. ಗ್ಲಾಸು ಒಡೆದದ್ದಕ್ಕೆ ಮ್ಯಾನೇಜರನೇ ಹೊಡೆದರೆ? 2006ರ ಅಕ್ಟೋಬರ್ 10ರಿಂದಲೇ ಹೋಟೆಲುಗಳಲ್ಲಿ 14ರ ಕೆಳಗಿನ ಮಕ್ಕಳನ್ನು ದುಡಿಸುವುದು ನಿಷೇಧ. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಪ್ರತಿಯೊಂದು ಕಡೆ 2013ರ ಕಾಯ್ದೆಯಂತೆ ಹೆಂಗಸರ ದೂರು ಕೇಳಲು ಆಂತರಿಕ ಸಮಿತಿ ಇರಬೇಕು, ಇಲ್ಲದಿದ್ದರೆ 50 ಸಾವಿರದವರೆಗೆ ದಂಡ. ಕ್ಯಾಟರಿಂಗಿನಲ್ಲಿ ಇಂದು ಚಪಾತಿಗೆ, ಪಾತ್ರೆಗೆ, ಬಡಿಸಲು ಎಷ್ಟು ಹೆಂಗಸರಿದ್ದಾರೆ! ನಡುರಾತ್ರಿ ಮದುವೆ ಹಾಲಿನಿಂದ ಅವರು ಮನೆಗೆ ಹೇಗೆ ಹೋಗುತ್ತಾರೆ ಎಂದು ನಮ್ಮಲ್ಲಿ ಎಷ್ಟು ಮಂದಿ ಕೇಳುತ್ತೇವೆ? ಟೆಂಪೋದಲ್ಲಿ ಪಾತ್ರೆಗೆ ಜಾಗ ಇರುತ್ತದೆ, ಅವರಿಗೆ ಇರುವುದಿಲ್ಲ. ಇದಕ್ಕೆ ಯಾವ ನಿಧಿಯೂ ಬೇಡ.

ನಮ್ಮ ಹಿರಿಯರು ಇದನ್ನು ತಿಳಿದಿದ್ದರು. ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವ ಹುಡುಗರಿಗಾಗಿ ಮುಂಬಯಿಯ ಫೋರ್ಟಿನಲ್ಲಿ, ಬೇರೆ ಕಡೆಗಳಲ್ಲಿ ಕನ್ನಡ ರಾತ್ರಿ ಶಾಲೆಗಳನ್ನು ನಡೆಸಿದರು. ಅಲ್ಲಿ ಕಲಿತು ಮಾಲಕರಾದವರು, ವಕೀಲರಾದವರು ಎಷ್ಟೋ ಮಂದಿ. ರಾತ್ರಿ ಪುಸ್ತಕ ಹಿಡಿದ ಹುಡುಗ ಚಾಕು ಹಿಡಿಯಲು ಹೋಗುವುದಿಲ್ಲ ಎಂಬುದು ಅವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಈಗ ನಮ್ಮಲ್ಲಿ ಕೆಲಸಕ್ಕಿರುವವರು ಹೆಚ್ಚಾಗಿ ಒರಿಸ್ಸಾ, ಬಂಗಾಳ, ನೇಪಾಳದವರು. ಅವರೂ ಮನೆ ಬಿಟ್ಟು ಬಂದ ಮಕ್ಕಳೇ. ಅವರಿಗೊಂದು ಸಂಜೆ ತರಗತಿ, ಒಂದು ಕೇರಂ ಬೋರ್ಡು, ಕಷ್ಟ ಹೇಳಿಕೊಳ್ಳಲು ಒಬ್ಬ ಹಿರಿಯ ಬೇಕು. ಸಿಎಸ್ಆರ್ ಹಣ ಕೇಳುವುದಿದ್ದರೆ ಟ್ರಸ್ಟುಗಳ ಮೂಲಕ ಇಂಥ ಕೆಲಸಕ್ಕೆ ಕೇಳೋಣ.

'ನಮಗ್ಯಾಕೆ ಈ ಉಸಾಬರಿ?'

ಇದನ್ನು ಓದಿ ಕೆಲವರು ಹೇಳುವುದು ನಮಗೆ ಕೇಳಿಸುತ್ತಿದೆ. 'ನಾವು ಪರವೂರಿನವರು, ತಲೆ ತಗ್ಗಿಸಿ ಇರುವುದು ಲೇಸು. ಕ್ಯಾಮರಾ ಬಂದರೆ ಫುಟ್‌ಪಾತಿಗೆ ಚಾಚಿದ ನಮ್ಮ ಟೇಬಲ್ಲೂ ಕಾಣುತ್ತದೆ. ಪೊಲೀಸರ ಸಹವಾಸ ಬೇಡ.'

ಟೇಬಲ್ಲಿನ ಮಾತು ನಿಜ. ಕ್ಯಾಮರಾ ನಮ್ಮದೆಂದು ಕಣ್ಣು ಮುಚ್ಚುವುದಿಲ್ಲ. ಟೇಬಲ್ಲನ್ನು ಒಳಗೆ ತೆಗೆದುಕೊಂಡ ಮೇಲೆಯೇ ಅರ್ಜಿ ಹಾಕೋಣ. ಆದರೆ ತಲೆ ತಗ್ಗಿಸುವ ಮಾತನ್ನು ನಾವು ಒಪ್ಪುವುದಿಲ್ಲ. ತಲೆ ತಗ್ಗಿಸಿದವನಿಗೆ ಹೊಡೆತ ಕಡಿಮೆ ಬಿದ್ದದ್ದನ್ನು ಈ ಮೂವತ್ತು-ನಲವತ್ತು ವರ್ಷಗಳಲ್ಲಿ ನಾವು ಕಂಡಿಲ್ಲ. ಗಲ್ಲಿಯವರ ಜೊತೆ ಗಲ್ಲಿಯವರಾಗಿ, ಅವರ ಮಕ್ಕಳ ಶಾಲೆಯ ಗೇಟಿಗೆ ದೀಪ ಕೇಳಿದವನನ್ನು ಯಾರೂ ಪರವೂರಿನವನೆಂದು ಕರೆಯುವುದಿಲ್ಲ. ನಾಳೆ ಯಾರಾದರೂ ಅವನ ಗಾಜಿಗೆ ಕಲ್ಲೆತ್ತಿದರೆ ಸೊಸೈಟಿಯ ನಾಲ್ಕು ಮಂದಿ ಕೆಳಗಿಳಿದು ಬಂದಾರು. ಯಾವ ಕ್ಯಾಮರಾಕ್ಕಿಂತಲೂ ಅದು ದೊಡ್ಡ ಭದ್ರತೆ. ಮಹಾರಾಷ್ಟ್ರದಲ್ಲಿ 2017ರ ಕಾಯ್ದೆಯ ನಂತರ 24 ಗಂಟೆಯೂ ಅಂಗಡಿ ತೆರೆದಿಡಲು ಅವಕಾಶವಿದೆ, 2025ರ ಅಕ್ಟೋಬರಿನಲ್ಲಿ ಸರಕಾರ ಅದನ್ನು ಮತ್ತೆ ಸ್ಪಷ್ಟಪಡಿಸಿತು. ಮದ್ಯದ ವ್ಯಾಪಾರಕ್ಕೆ ಮಾತ್ರ ಅದು ಅನ್ವಯಿಸುವುದಿಲ್ಲ. ಆದರೆ ರಾತ್ರಿ ವ್ಯಾಪಾರ ಮಾಡುವ ಧೈರ್ಯ ಕಾಯ್ದೆಯಿಂದ ಬರುವುದಿಲ್ಲ, ಬೀದಿಯಿಂದ ಬರಬೇಕು.

ಸಂಘದ ಮುಂದೆ ನಮ್ಮ ಸಲಹೆ ಮೂರು. ಒಂದು, ಪ್ರತಿ ವಿಭಾಗದಿಂದ ಇಬ್ಬರನ್ನು ಆರಿಸಿ ಭದ್ರತಾ ಉಪಸಮಿತಿ ಮಾಡಬೇಕು. ಒಬ್ಬರು ಹಿರಿಯರು, ಒಬ್ಬರು ಸ್ಥಳೀಯ ಭಾಷೆ ಓದಿ ಬರೆಯಬಲ್ಲ ಯುವಕರು. ಎರಡು, ಮರಾಠಿಯಲ್ಲಿ ಒಂದು ಮಾದರಿ ಅರ್ಜಿ ತಯಾರಿಸಿ ಈ ಪತ್ರಿಕೆಯಲ್ಲೇ ಅಚ್ಚು ಹಾಕಬೇಕು. ಬೇರೆ ನಗರಗಳ ಸೋದರ ಸಂಘಗಳು ತಮ್ಮ ತಮ್ಮ ಭಾಷೆಯಲ್ಲಿ ಮಾಡಿಕೊಳ್ಳಲಿ. ಮೂರು, ಮೊದಲ ವರ್ಷ ಎಲ್ಲ ಕಡೆ ಕೈಹಾಕದೆ ಎರಡೇ ಗಲ್ಲಿ ಆರಿಸಿ ಅರ್ಜಿಯಿಂದ ದೀಪದವರೆಗೆ ಬೆನ್ನು ಹಿಡಿಯಬೇಕು. ಒಂದು ಕಡೆ ಆದರೆ ಉಳಿದವರು ತಾನಾಗಿ ಕಲಿಯುತ್ತಾರೆ.

ಆರ್ಥಿಕ ವರ್ಷ ಮುಗಿಯುವ ಮಾರ್ಚಿನಲ್ಲಿ ಓಡಿದರೆ ಏನೂ ಸಿಗುವುದಿಲ್ಲ. ಏಪ್ರಿಲಿನಲ್ಲಿ ಅರ್ಜಿ ಕೈಯಲ್ಲಿರಬೇಕು. ಸದಸ್ಯ ಬಾಂಧವರು ತಮ್ಮ ಗಲ್ಲಿಯ ಕತ್ತಲ ಜಾಗಗಳನ್ನು ಇವತ್ತು ರಾತ್ರಿ ಶಟರ್ ಎಳೆದ ಮೇಲೆ ಒಮ್ಮೆ ನಡೆದು ನೋಡಿ ಬರೆದುಕೊಳ್ಳಲಿ. ಮುಂದಿನ ಮಾಸಿಕ ಸಭೆಗೆ ಬರುವಾಗ ಆ ಚೀಟಿ ತರಲಿ. ಅಲ್ಲಿಂದ ಕೆಲಸ ಶುರು ಮಾಡೋಣ.